ಜವಾಬ್ದಾರಿ ಕೊಟ್ಟರೆ ತಾನೆ ನಾಯಕರು ಬೆಳೆಯುವುದು?



ಧರ್ಮಸಭೆಯ ಮುಂದಿನ ನಾಯಕರು ಎಲ್ಲಿಂದ ಬರುತ್ತಾರೆ? ಈ ವರ್ಷ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದು ನಿಂತಿದೆ. ಗೋವಾದ ಜುವಾರಿನಗರದಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಜಪಮಾಲೆ ಹೇಳುತ್ತೇವೆ, ಶುಭಸಂದೇಶ ಓದುತ್ತೇವೆ. ಇದನ್ನು ನಡೆಸುವ ಹಿರಿಯರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತೇವೆ. ಗದಗದ ಕಡೆಯಿಂದ ದುಡಿಯಲು ಬಂದವರು. ಯಾರ ಮನೆಯಲ್ಲಿ ಕಾಯಿಲೆಯಾಗಲಿ, ಸಾವಾಗಲಿ, ಮೊದಲು ಬರುವವರು ಅವರೇ. ಈಸ್ಟರ್ ಹಬ್ಬ ಮುಗಿದ ಮೇಲೆ ಅವರು ಊರಿಗೆ ಮರಳುತ್ತಾರೆ. ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಿರಿಯರಿಗೆ ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಪ್ರಾರ್ಥಿಸಲು ಬರುವುದಿಲ್ಲ. ಮುಂದೆ ಯಾರು ನಡೆಸುವುದು?

ಇದನ್ನು ಯೋಚಿಸುವಾಗ ನನಗೆ ನೆನಪಾದವರು ನಮ್ಮ ಪಕ್ಕದವರೇ ಆದ ಸಂತ ಜೋಸೆಫ್ ವಾಜ್. ಅವರು ಹುಟ್ಟಿದ್ದು 1651ರಲ್ಲಿ, ಬಾಣಾವಲಿಯಲ್ಲಿ. ತಂದೆಯ ಊರು ಸಾಂಕವಾಳ; ನಮ್ಮ ಜುವಾರಿನಗರ ಇರುವುದೂ ಅಲ್ಲಿಯೇ. 1676ರಲ್ಲಿ ಗುರುದೀಕ್ಷೆ ಪಡೆದ ಮೇಲೆ ಅವರು ಸಾಂಕವಾಳದಲ್ಲಿ ಒಂದು ಲ್ಯಾಟಿನ್ ಶಾಲೆ ತೆರೆದರು. ಗುರುಗಳಾಗಬೇಕೆಂಬ ಆಸೆಯಿದ್ದ ಹುಡುಗರಿಗಾಗಿ ಆ ಶಾಲೆ. ತಾವೇ ಆಗ ಇನ್ನೂ ಹೊಸ ಗುರು; ಆಗಲೇ ತಮ್ಮ ನಂತರದವರ ಚಿಂತೆ ಅವರಿಗಿತ್ತು.

1681ರಿಂದ 1684ರವರೆಗೆ ಅವರು ನಮ್ಮ ಕರಾವಳಿಯಲ್ಲಿ, ಮಂಗಳೂರು, ಕುಂದಾಪುರದ ಕಡೆಗಳಲ್ಲಿ ಸೇವೆ ಮಾಡಿದರು. 1687ರಲ್ಲಿ ಶ್ರೀಲಂಕಾ ತಲುಪಿದರು. ಅಲ್ಲಿನ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳಿಗೆ ಜಾಗವನ್ನೇ ಕೊಟ್ಟಿರಲಿಲ್ಲ. ಅವರು ವೇಷ ಮರೆಸಿಕೊಂಡು, ಕಾಲ್ನಡಿಗೆಯಲ್ಲಿ ಊರೂರು ಸುತ್ತಿದರು. ಒಬ್ಬ ಗುರು ಎಷ್ಟು ಊರಿಗೆ ತಲುಪಿಯಾರು? ಅದಕ್ಕೇ ಊರುಗಳಲ್ಲಿ ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಧರ್ಮೋಪದೇಶ ಕಲಿಸುವ ಹೊಣೆಯನ್ನು ಶ್ರೀಸಾಮಾನ್ಯ ಭಕ್ತರಿಗೇ ವಹಿಸಿದರು. ಗುರುಗಳಿಲ್ಲದ ತಿಂಗಳುಗಳಲ್ಲಿ ವಿಶ್ವಾಸದ ದೀಪ ಆರದಂತೆ ಕಾದವರು ಅವರೇ.

ಮುಂದೆ ಗೋವಾದಿಂದ ಕಿರಿಯ ಗುರುಗಳೂ ಬಂದರು. ಅವರಲ್ಲಿ ಒಬ್ಬರು ದಿವಾಡಿಯ ಜಾಕೋಮೆ ಗೊನ್ಸಾಲ್ವಿಸ್. 1705ರಲ್ಲಿ ಶ್ರೀಲಂಕಾಕ್ಕೆ ಹೋದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಈ ತರುಣನಿಗೆ ಭಾಷೆಯ ವರವಿದೆ ಎಂದು ವಾಜ್ ಗುರುತಿಸಿದರು. ಸಿಂಹಳ ಕಲಿಯುವ ಕೆಲಸವನ್ನು ಅವರಿಗೆ ಒಪ್ಪಿಸಿದರು. 1711ರಲ್ಲಿ ವಾಜ್ ತೀರಿಕೊಂಡರು. ಗೊನ್ಸಾಲ್ವಿಸ್ ಅದಾದ ಮೇಲೂ ಮೂವತ್ತು ವರ್ಷ ಬದುಕಿ, ಸಿಂಹಳ ಮತ್ತು ತಮಿಳಿನಲ್ಲಿ ಪುಸ್ತಕಗಳನ್ನು ಬರೆದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ವಾಜ್ ಅವರನ್ನು ಸಂತರೆಂದು ಘೋಷಿಸಿದಾಗ, ಅವರು ನೆಟ್ಟ ಸಸಿ ಮರವಾಗಿ ಮುನ್ನೂರು ವರ್ಷ ಕಳೆದಿತ್ತು.

ಕಾಕಾ ಇಷ್ಟೆಲ್ಲ ಚರಿತ್ರೆ ಓದಿದವರಲ್ಲ. ಆದರೂ ಅವರು ಹೇಳಿದ್ದು ಇದನ್ನೇ. "ಕಾಕಾ, ನೀವು ಹ್ವಾದ ಮ್ಯಾಲ ಯಾರ್ರಿ?" ಎಂದು ಕೇಳಿದೆ. "ಯಾರ ದನಿ ಛಲೋ ಐತಿ ಅಂತ ನೋಡಬ್ಯಾಡವಾ. ಕೂಟಕ್ಕ ಬರದೇ ಇದ್ದವರನ್ನ ಯಾರು ಕೇಳ್ತಾರ, ಅವರನ್ನ ನೋಡು," ಎಂದರು.

ನೋಡಿದೆವು. ಹತ್ತನೆಯ ತರಗತಿಯ ಒಬ್ಬ ಹುಡುಗಿ. ಯಾರೂ ಹೇಳದೆಯೇ ಮಂಡಿನೋವಿನ ಒಬ್ಬ ಅಜ್ಜಿಯ ಮನೆಗೆ ಹೋಗಿ, ಚರ್ಚಿನಲ್ಲಿ ಕೊಂಕಣಿಯಲ್ಲಿ ಕೊಟ್ಟ ಪ್ರಕಟಣೆಯನ್ನು ಕನ್ನಡದಲ್ಲಿ ತಿಳಿಸಿ ಬರುತ್ತಾಳೆ. ಅವಳಿಗೆ ಈಗ ಆ ಅಜ್ಜಿಯೇ ಅಕ್ಷರ ಕಲಿಸುತ್ತಿದ್ದಾರೆ. ಕಳೆದ ತಿಂಗಳು ಶುಭಸಂದೇಶವನ್ನು ಅವಳೇ ಓದಿದಳು. ತಡವರಿಸಿದಳು, ಒತ್ತಕ್ಷರ ಬಂದಲ್ಲಿ ನಿಂತಳು. ಕಾಕಾ ಹಿಂದಿನ ಸಾಲಿನಲ್ಲಿ ಕುಳಿತಿದ್ದರು; ಬಾಯಿ ಹಾಕಲಿಲ್ಲ. ಅವಳೇ ಮುಗಿಸಿದಳು.

ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದು ಅವರು ಎಲ್ಲ ಕಲಿತ ಮೇಲಲ್ಲ. ಹೋಗಿ ಬಂದು, ಆದದ್ದನ್ನು ಹೇಳಿಕೊಳ್ಳಲು ಗುರು ಇನ್ನೂ ಜೊತೆಗಿರುವಾಗಲೇ ಕಳುಹಿಸಿದರು. ನಾವೋ, ಯುವಕರಿಗೆ ಕುರ್ಚಿ ಜೋಡಿಸುವ, ಹಬ್ಬಕ್ಕೆ ತೋರಣ ಕಟ್ಟುವ ಕೆಲಸ ಕೊಟ್ಟು, ನಿರ್ಧಾರ ಮಾಡುವ ಕೆಲಸವನ್ನು ಹಿರಿಯರಿಗೇ ಇಟ್ಟುಕೊಳ್ಳುತ್ತೇವೆ. ಆಮೇಲೆ ಯುವಕರು ಬರುವುದಿಲ್ಲ ಎಂದು ಕೊರಗುತ್ತೇವೆ.

ಹಿರಿಯರೇ, ನೀವು ಮಾಡುವ ಒಂದು ಕೆಲಸವನ್ನು ಈ ತಿಂಗಳು ಪೂರ್ತಿಯಾಗಿ ಒಬ್ಬ ಕಿರಿಯರಿಗೆ ಬಿಟ್ಟುಕೊಡಿ, ಕೈಬಿಡಬೇಡಿ, ಪಕ್ಕದಲ್ಲಿರಿ. ಗೆಳೆಯರೇ, ಕರೆ ಬಂದಾಗ "ನನಗೇನು ಬರುತ್ತದೆ?" ಎಂದು ಹಿಂದೆ ಸರಿಯಬೇಡಿ. ಈ ಭಾನುವಾರ ಬಲಿಪೂಜೆಗೆ ಬಾರದ ಒಬ್ಬರ ಮನೆಗೆ ಹೋಗಿ ಬನ್ನಿ. ಅಲ್ಲಿಂದಲೇ ಶುರುವಾಗಲಿ.