ನೀಲಿ ಬಣ್ಣದ ನಾನಿ

ನನ್ನ ನಾನಾ, ಅಂದರೆ ಅಮ್ಮಿಯ ತಂದೆ, ಫೋಟೋ ಸ್ಟುಡಿಯೋ ಇಟ್ಟಿದ್ದರು. ಊರಿನವರ ಮದುವೆ ಫೋಟೋಗಳನ್ನೆಲ್ಲ ತೆಗೆದ ಅವರ ಮನೆಯಲ್ಲಿ ನಾನಿಯ ಒಂದೇ ಒಂದು ಫೋಟೋ ಇರಲಿಲ್ಲ. ಅಮ್ಮಿಗೆ ಆರು ವರ್ಷವಿದ್ದಾಗ ನಾನಿ ತೀರಿಕೊಂಡರು. "ಮುಖ ನೆನಪೇ ಇಲ್ಲ" ಎಂದು ಅಮ್ಮಿ ಯಾವಾಗಲೂ ಹೇಳುತ್ತಿದ್ದರು.

ಕಳೆದ ರಜೆಯಲ್ಲಿ ನಾನಾರ ಟ್ರಂಕ್ ಖಾಲಿ ಮಾಡುವಾಗ ಒಂದು ದೊಡ್ಡ ನೆಗೆಟಿವ್ ಸಿಕ್ಕಿತು. ಕವರಿನ ಮೇಲೆ ಉರ್ದುವಿನಲ್ಲಿ ನಾನಿಯ ಹೆಸರು. ತಮ್ಮ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಬಣ್ಣ ತಿರುಗಿಸಿ ತೋರಿಸಿದ. ಅಮ್ಮಿ ನೋಡಿ ಫೋನ್ ವಾಪಸ್ ಕೊಟ್ಟರು. "ಹಾತ್ ಮೆ ಪಕಡ್ನೆ ಕು ಹೋನಾ" ಎಂದರು. ಕೈಯಲ್ಲಿ ಹಿಡಿದುಕೊಳ್ಳುವಂಥದ್ದು ಬೇಕಿತ್ತು ಅವರಿಗೆ.

ಬೆಳ್ಳಿಯ ಎಮಲ್ಷನ್ ಬಳಿಯಬೇಕಾದರೆ ಡಾರ್ಕ್‌ರೂಮ್, ಕೆಂಪು ದೀಪ ಬೇಕು. ನಮ್ಮ ರಸಾಯನಶಾಸ್ತ್ರದ ಉಪನ್ಯಾಸಕರು ಸುಲಭದ ದಾರಿ ಹೇಳಿದರು: ಸಯನೋಟೈಪ್. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದದ್ದು. ಮನೆಯ ನಕ್ಷೆಗೆ ಬ್ಲೂಪ್ರಿಂಟ್ ಎನ್ನುತ್ತೇವಲ್ಲ, ಅದೇ ವಿದ್ಯೆ. 100 ಮಿ.ಲೀ. ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಬೇರೆ 100 ಮಿ.ಲೀ.ಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಎರಡನ್ನೂ ಸಮವಾಗಿ ಬೆರೆಸಬೇಕು. ಕಾಮರ್ಸ್‌ನವನಾದ ನಾನು ಸಯನೈಡ್ ಎಂದ ಕೂಡಲೇ ಹಿಂದೆ ಸರಿದೆ. "ಕೈಗವಸು ಹಾಕಿಕೋ, ಆಸಿಡ್ ಹತ್ತಿರ ತರಬೇಡ, ಅಷ್ಟೇ" ಎಂದು ನಕ್ಕರು.

ರಾತ್ರಿ ಟ್ಯೂಬ್‌ಲೈಟ್ ಆರಿಸಿ, ಮಂದ ಹಳದಿ ಬಲ್ಬಿನಲ್ಲಿ ಡ್ರಾಯಿಂಗ್ ಹಾಳೆಗೆ ಬಳಿದೆ. ಮೊದಲ ಹಾಳೆಯ ತುಂಬ ನೀಲಿ ಚುಕ್ಕೆ. ಬ್ರಷ್‌ನ ಕಬ್ಬಿಣದ ಪಟ್ಟಿ ದ್ರಾವಣಕ್ಕೆ ತಾಗಿತ್ತು. ಎರಡನೆಯದಕ್ಕೆ ಆಸೆಯಿಂದ ದಪ್ಪ ಬಳಿದೆ. ತೊಳೆಯುವಾಗ ಬಣ್ಣವೆಲ್ಲ ಮೋರಿ ಸೇರಿತು. ಆಮೇಲೆ ಸ್ಪಂಜಿನಿಂದ ತೆಳ್ಳಗೆ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎಳೆಯುವುದನ್ನು ಕಲಿತೆ. ಕೈಗೆ ಅದರ ಲೆಕ್ಕ ಸಿಗುವ ಹೊತ್ತಿಗೆ ಆರು ಹಾಳೆ ಹಾಳಾಗಿದ್ದವು.

ಏಳನೆಯ ಹಾಳೆ ಕತ್ತಲಲ್ಲಿ ಒಣಗಿತು. ಮರುದಿನ ಅದರ ಮೇಲೆ ನೆಗೆಟಿವ್, ಅದರ ಮೇಲೆ ಫ್ರೇಮಿನ ಗಾಜು ಇಟ್ಟು ಮಹಡಿಯ ಮೇಲೆ 15 ನಿಮಿಷ ಬಿಸಿಲಿಗಿಟ್ಟೆ. ಹಸಿರು ಹಳದಿಯಾಗಿದ್ದ ಹಾಳೆ ಬೂದಿ ಬಣ್ಣಕ್ಕೆ ತಿರುಗಿತು. ಬಕೆಟಿನ ನೀರಿಗೆ ಹಾಕಿದೆ. ಹಳದಿ ನೀರು ಬಿಟ್ಟುಕೊಳ್ಳುತ್ತ ಮೊದಲು ದುಪಟ್ಟಾ, ಆಮೇಲೆ ಮುಖ ಬಂತು. ಕಣ್ಣಿನ ಕೆಳಗೆ ಸಣ್ಣ ಸಣ್ಣ ಗೆರೆಗಳು. ನಾನಾ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿದ್ದರು. ಗಿರಾಕಿಗಳಿಗೆ ಮಾಡುತ್ತಿದ್ದ ಹಾಗೆಯೇ ಹೆಂಡತಿಗೂ ಮಾಡಿದ್ದರು.

ಅಮ್ಮಿಯನ್ನು ಕರೆದೆ. ಒದ್ದೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಮೂಗುಬೊಟ್ಟು ಆ ಕಡೆ ಅಲ್ಲ, ಈ ಕಡೆ ಇತ್ತು" ಎಂದರು.

ನಾನು ನೆಗೆಟಿವ್ ತಿರುಗಿಸಿ ನೋಡಿದೆ. ಮಂಕಾಗಿರುವ ಬದಿ ಹಾಳೆಗೆ ತಾಗಬೇಕಿತ್ತು, ನಾನು ಹೊಳೆಯುವ ಬದಿಯನ್ನು ಇಟ್ಟಿದ್ದೆ. ಎಡ ಬಲವಾಗಿತ್ತು. ಮುಖವೇ ನೆನಪಿಲ್ಲ ಎನ್ನುತ್ತಿದ್ದ ಅಮ್ಮಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಆ ಕಡೆ ಮಲಗುತ್ತಿದ್ದೆ, ಕೆನ್ನೆಗೆ ಚುಚ್ಚುತ್ತಿತ್ತು ಎಂದರು.

ಎಂಟನೆಯದು ಸರಿಯಾಗಿ ಬಂತು. ನಮಾಜ್ ಮಾಡುವ ಕೋಣೆಯಲ್ಲಿ ನಾವು ಚಿತ್ರ ತೂಗುಹಾಕುವುದಿಲ್ಲ. ಅಮ್ಮಿ ಅದನ್ನು ಬೀರುವಿನಲ್ಲಿ, ತಮ್ಮ ಸೀರೆಗಳ ನಡುವೆ ಇಟ್ಟಿದ್ದಾರೆ. ಬೆಳಕಿಗೆ ಈ ನೀಲಿ ಮಾಸುತ್ತದೆ, ಕತ್ತಲಲ್ಲಿಟ್ಟರೆ ಮತ್ತೆ ಗಾಢವಾಗುತ್ತದೆ ಎಂದು ಉಪನ್ಯಾಸಕರು ಹೇಳಿದ್ದರು, ಹಾಗಾಗಿ ನಾನೂ ಏನೂ ಹೇಳಲಿಲ್ಲ. ಉಲ್ಟಾ ಬಂದ ಏಳನೆಯದನ್ನು ಎಸೆಯಲು ಹೋದಾಗ ಮಾತ್ರ ಅಮ್ಮಿ ಬಿಡಲಿಲ್ಲ. ಅದೂ ಅಲ್ಲೇ ಇದೆ.