ಯಾವ ಗಿಡ?

ಯುಗಾದಿಯ ಮರುದಿನ ಧಾರವಾಡದ ನಮ್ಮ ಮನೆಗೆ ಒಬ್ಬ ಹುಡುಗ ಬಂದ. ಹಾನಗಲ್ಲ ಕಡೆ ಬೀಳುಬಿದ್ದಿರುವ ನನ್ನ ತವರಿನ ಮೂರೆಕರೆಯಲ್ಲಿ ಗಿಡ ಹಚ್ಚಿಕೊಡುತ್ತಾರಂತೆ, ಖರ್ಚು ಅವರದೇ. ಮುಂದೆ ನಮಗೂ ರೊಕ್ಕ ಬರುತ್ತದಂತೆ.

"ಯಾರ ರೊಕ್ಕಪಾ?" ಎಂದೆ ಚಹಾ ಕೊಡುತ್ತ.

ಬಿಡಿಸಿ ಹೇಳಿದ. ಗಿಡಗಳು ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೀರಿದರೆ ಒಂದು ಕಾರ್ಬನ್ ಕ್ರೆಡಿಟ್. ದೂರದೇಶದ ಕಾರ್ಖಾನೆಯೋ ವಿಮಾನ ಕಂಪನಿಯೋ ಅದನ್ನು ಕೊಂಡು, ತಾನು ಬಿಟ್ಟ ಹೊಗೆಯ ಲೆಕ್ಕದಲ್ಲಿ ವಜಾ ಹಾಕಿಕೊಳ್ಳುತ್ತದೆ. 1997ರ ಕ್ಯೋಟೋ ಒಪ್ಪಂದ ಇಂಥ ವ್ಯಾಪಾರಕ್ಕೆ ದಾರಿ ಮಾಡಿತು. ಉಂಡವರು ಒಬ್ಬರು, ಉಪವಾಸ ಇನ್ನೊಬ್ಬರದು ಎನಿಸಿ ನಗು ಬಂತು. ಆದರೂ ಅವ್ವನ ಔಷಧದ ಖರ್ಚು ತಿಂಗಳು ತಿಂಗಳು ಏರುತ್ತಿದೆ. ಸಹಿ ಹಾಕಲು ಕನ್ನಡಕ ಹುಡುಕಿದೆ.

ಒಳಗಿನಿಂದ ಅವ್ವ ಕೇಳಿದಳು: "ಯಾವ ಗಿಡ? ನೀಲಗಿರಿ ಏನು?"

ಅವಳ ಪ್ರಶ್ನೆ ಹಳೆಯದು. 1984ರಲ್ಲಿ ಸರಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿಯಂಥ ಗಿಡ ಬೆಳೆಸುವ ಯೋಜನೆ ಅದು. ಕಾಗದದ ಮೇಲೆ ಅದೂ ಹಸಿರೇ. ಆದರೆ ಊರವರು ದನ ಮೇಯಿಸುವ, ಹೆಂಗಸರು ಉರುವಲು ಆರಿಸುವ ಭೂಮಿಯಲ್ಲಿ ದನ ಬಾಯಿ ಹಾಕದ ಗಿಡ ಬಂದರೆ ಹೇಗೆ? 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೂ ಹೋಗಿದ್ದರು. 1991ರಲ್ಲಿ ಕಂಪನಿಯೇ ಮುಚ್ಚಿತು.

ನಮ್ಮದು ಸ್ವಂತ ಹೊಲ, ನಿಜ. ಆದರೂ ಅವ್ವನ ಪ್ರಶ್ನೆಯ ಬಾಲ ಹಿಡಿದು ನಾನೂ ಕೇಳಿದೆ. ಮಾವು, ಹುಣಸೆ, ಹೊಂಗೆ ಹಚ್ಚಬಹುದೇ? ಒಲೆಗೆ ಟೊಂಗೆ ಕಡಿಯಬಹುದೇ? ಬರಗಾಲಕ್ಕೆ ಗಿಡ ಒಣಗಿದರೆ ಹೊಣೆ ಯಾರು? ಕರಾರು ಮೂವತ್ತು ವರುಷದ್ದು; ನಡುವೆ ಮಗಳು ಹೊಲ ಮಾರಬೇಕೆಂದರೆ?

ಮೊದಲನೆಯದಕ್ಕೆ ಹೂಂ ಎಂದ. ಉಳಿದವಕ್ಕೆ ಹಾಳೆ ತಿರುವತೊಡಗಿದ. ಹಾಳೆಯೆಲ್ಲ ಇಂಗ್ಲಿಷು.

"ಇದನ್ನ ಕನ್ನಡದಾಗ ಬರಸ್ಕೊಂಡ ಬಾ ತಮ್ಮಾ. ನಮ್ಮವ್ವಗ ಓದಿ ಹೇಳಬೇಕು" ಎಂದು, ಕೈಗೊಂದು ಪೇಢಾ ಇಟ್ಟು ಕಳಿಸಿದೆ.

ಹೊರಗಿನ ರೊಕ್ಕದ ಮೇಲೆ ನನಗೆ ಸಿಟ್ಟಿಲ್ಲ ನೋಡಿ. ಬೋಳಾದ ನೆಲ ಬರಿಗೈಯಿಂದ ಹಸಿರಾಗುವುದಿಲ್ಲ. ಆದರೆ ಗಿಡ ಕಾಯುವವರು ನಾವು. ಕರಾರು ನಮಗೆ ತಿಳಿಯಬೇಕಲ್ಲ?

ಹುಡುಗ ಇನ್ನೂ ಬಂದಿಲ್ಲ. ಅವ್ವ ಮಾತ್ರ ತಿಂದ ಮಾವಿನ ಗೊಟ್ಟಗಳನ್ನು ಅಟ್ಟದ ಮೇಲೆ ಒಣಗಲು ಬಿಡದೆ, ಹಳೆಯ ಡಬ್ಬಿಗಳಲ್ಲಿ ಮಣ್ಣು ತುಂಬಿ ಊರಿಟ್ಟಿದ್ದಾಳೆ. ಎರಡು ಮೊಳೆತಿವೆ.