ಆಯಿಯ ಹಿಮ್ಮಡಿ

ಕಮಲಾಪುರದ ನನ್ನ ದವಾಖಾನೆಗೆ ಬರುತ್ತಿದ್ದ ಆ ಆಯಿಗೆ ಎಪ್ಪತ್ತರ ಹತ್ತಿರ. ಬೀಡಿ ಮುಟ್ಟಿದವಳಲ್ಲ; ತೊಗರಿ ಕಟ್ಟಿಗೆಯ ಒಲೆ ಊದಿ ಊದಿಯೇ ಶ್ವಾಸಕೋಶ ಹಾಳಾಗಿತ್ತು. ಚಳಿ ಶುರುವಾದರೆ ದಮ್ಮು. "ಹೋದ್ಸಲದ್ದೇ ಗುಳಗಿ ಬರ್ದು ಕೊಡ್ರಿ ಸಾಹೇಬ್ರ" ಅನ್ನುವಳು. ಬರೆದುಕೊಡುತ್ತಿದ್ದೆ: ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಜೊತೆಗೆ ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್. ಒಂದೇ ಚಳಿಗಾಲದಲ್ಲಿ ಮೂರು ಸಲ.

ಮೂರನೆಯ ಸಲದ ಗುಳಿಗೆ ಮುಗಿಯುವ ಮೊದಲೇ ಮಗ ಅವಳನ್ನು ಎತ್ತಿಕೊಂಡು ಬಂದ. ಕೊಡ ಇಳಿಸುವಾಗ ಹಿಮ್ಮಡಿಯ ಮೇಲೆ ಟಪ್ ಎಂದಿತಂತೆ. ಮೀನಖಂಡವನ್ನು ಹಿಮ್ಮಡಿಗೆ ಬಿಗಿಯುವ ಸ್ನಾಯುರಜ್ಜು ಹರಿದಿತ್ತು. ಅರವತ್ತು ದಾಟಿದವರಲ್ಲಿ, ಸ್ಟೀರಾಯ್ಡ್ ಜೊತೆಗಿದ್ದರಂತೂ ಇನ್ನೂ ಹೆಚ್ಚಾಗಿ, ಈ ಗುಂಪಿನ ಆಂಟಿಬಯಾಟಿಕ್ ಹೀಗೆ ಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಎಚ್ಚರಿಸಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದೆ.

ಆ ರಾತ್ರಿ ಅವಳ ಹಳೆಯ ಚೀಟಿಗಳನ್ನೆಲ್ಲ ತೆಗೆದು ನೋಡಿದೆ. ಕಫದ ಬಣ್ಣ ಒಂದರಲ್ಲೂ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ದಮ್ಮು ಏರಲು ವೈರಸ್ ಸಾಕು, ಹೊಗೆ ಸಾಕು. ಎಲ್ಲಕ್ಕೂ ಬ್ಯಾಕ್ಟೀರಿಯ ಬೇಕಿಲ್ಲ. ಇದನ್ನು ತೂಗಿ ನೋಡಲು ಸಿಆರ್‌ಪಿ ಎಂಬ ಸಾದಾ ರಕ್ತಪರೀಕ್ಷೆ ಇದೆ. ಆಯಿಗಿದ್ದಂಥದೇ ದಮ್ಮಿನ ಕಾಯಿಲೆ, ಅಂದರೆ ಸಿಒಪಿಡಿ, ಇದ್ದ ಇಂಗ್ಲೆಂಡ್, ವೇಲ್ಸ್‌ಗಳ 653 ರೋಗಿಗಳ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಈ ಪರೀಕ್ಷೆ ನೋಡಿ ಔಷಧ ಬರೆದಾಗ ಆಂಟಿಬಯಾಟಿಕ್ ತೆಗೆದುಕೊಂಡವರು ನೂರಕ್ಕೆ 57, ನೋಡದೆ ಬರೆದಾಗ 77. ಕಡಿಮೆ ಕೊಟ್ಟದ್ದರಿಂದ ಆ ಗುಂಪಿನವರು ಹೆಚ್ಚು ನರಳಲಿಲ್ಲ. ಸಿಆರ್‌ಪಿ ಲೀಟರಿಗೆ 20 ಮಿಲಿಗ್ರಾಂ ಒಳಗಿದ್ದರೆ ಆಂಟಿಬಯಾಟಿಕ್ ಸಾಮಾನ್ಯವಾಗಿ ಬೇಡ, 40 ದಾಟಿದರೆ ಬೇಕಾದೀತು, ನಡುವಿದ್ದರೆ ಕಫ ಕೀವಿನಂತಿದೆಯೇ ನೋಡು ಎನ್ನುವುದು ಅಲ್ಲಿಯ ಅಳತೆ. ನಮ್ಮಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ: ಅದರಲ್ಲೂ ಸಿಆರ್‌ಪಿ ಏರುತ್ತದೆ, ಲಿವೊಫ್ಲಾಕ್ಸಾಸಿನ್ ಅದನ್ನು ಕೆಲಕಾಲ ಮರೆಮಾಚುತ್ತದೆ.

ರಕ್ತ ಕಲಬುರಗಿಗೆ ಹೋಗಬೇಕು, ಕೋಟೆಯ ಕಡೆಯ ಲ್ಯಾಬಿನಿಂದ ರಿಪೋರ್ಟ್ ಬರಲು ಸಂಜೆಯಾಗುತ್ತದೆ ಎಂದು ನೆಪ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ನನ್ನನ್ನು ಕಾಡಿದ್ದು ಹೆದರಿಕೆ. ಗುಳಿಗೆ ಕೊಡದೆ ಕಳಿಸಿ, ರಾತ್ರಿ ಏನಾದರೂ ಆದರೆ? ಆ ಹೆದರಿಕೆಗೆ ನಾನು ನುಂಗಬೇಕಾದ ಔಷಧವನ್ನು ಅವಳಿಗೆ ನುಂಗಿಸಿದ್ದೆ.

ಮರುವರ್ಷ ಆಯಿ ಕೋಲೂರಿಕೊಂಡು ಬಂದಳು. ಕಫ ಬಿಳಿ, ಸಿಆರ್‌ಪಿ 9. ಇನ್ಹೇಲರ್ ಎಳೆಯುವುದನ್ನು ಮತ್ತೊಮ್ಮೆ ಕಲಿಸಿದೆ, ಸ್ಟೀರಾಯ್ಡ್ ಐದೇ ದಿನಕ್ಕೆ ಬರೆದೆ. "ಆ ಇನ್ನೊಂದ್ ಗುಳಗಿ?" ಎಂದಳು. ಪಕ್ಕದಲ್ಲಿ ಕೂತು, ಕಾಲು ಹೋದದ್ದು ನನ್ನ ಆ ಗುಳಿಗೆಯಿಂದಲೇ ಇದ್ದೀತು ಎಂದು ಹೇಳಿದೆ. ಅವಳು ಬಹಳ ಹೊತ್ತು ಹಿಮ್ಮಡಿ ಸವರಿಕೊಂಡಳು.

"ಇದು ಆಗ್ಲೇ ಹೇಳ್ಬೇಕಿತ್ತಲ್ಲೋ ಯಪ್ಪಾ. ನೀರಿನ ಕೊಡ ಹೊತ್ತದ್ದೇ ನನ್ನ ತಪ್ಪು ಅಂತ ಸೊಸಿ ವರ್ಷೆಲ್ಲಾ ಬೈದಾಳ."